ಹೋಳಿಯ ನಂತರ ಬೀದರ್‌ನಿಂದ ಗಾಣಗಾಪುರಕ್ಕೆ: ನನ್ನ ಅನುಭವ

ಬೀದರ್, ಕಲಬುರಗಿ ಸೀಮೆಯ ಪುಣ್ಯಸ್ಥಳಗಳನ್ನು ನೋಡಲು ಹೊರಡುವಾಗ ನಾನು ನಕ್ಷೆಗಿಂತ ಮೊದಲು ಪಂಚಾಂಗ ತೆಗೆಯುತ್ತೇನೆ. ಹೋಳಿ ಹುಣ್ಣಿಮೆ ಕಳೆದ ಮೇಲೆ ಬೀದರ್ ಪಕ್ಕದ ಅಷ್ಟೂರಿನಲ್ಲಿ ಉರುಸು ನಡೆಯುತ್ತದೆ, ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುತ್ತಾರೆ. ಆ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಆದರೂ ನನ್ನ ಮಟ್ಟಿಗೆ ಅದೇ ಸರಿಯಾದ ಕಾಲ.

ಉರುಸಿಗೂ ಹೋಳಿಗೂ ಏನು ಸಂಬಂಧ ಎಂದು ಜೊತೆಗೆ ಬಂದವರು ಕೇಳುತ್ತಾರೆ. ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇನವಾಜರ ಉರುಸು ಹಿಜರಿ, ಅಂದರೆ ಮುಸಲ್ಮಾನರ ಚಾಂದ್ರಮಾನ ಪಂಚಾಂಗದ ಲೆಕ್ಕದ್ದು. ಜಿಲ್‌ಕಾದ್ ತಿಂಗಳ ನಡುಭಾಗದಲ್ಲಿ ಬರುವುದರಿಂದ ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಅಷ್ಟೂರಿನದು ಹಾಗಲ್ಲ, ಅದು ಹಿಂದೂ ಪಂಚಾಂಗದ ಲೆಕ್ಕದ್ದು. ಅಲ್ಲಿ ಮಲಗಿರುವವನು ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ ಬಹಮನಿ ಸುಲ್ತಾನ ಅಹ್ಮದ್ ಶಾಹ, ತೀರಿಕೊಂಡದ್ದು 1436ರಲ್ಲಿ. ಮುಸಲ್ಮಾನರಿಗೆ ಆತ ವಲಿ, ಅಂದರೆ ಸಂತ; ಲಿಂಗಾಯತರಲ್ಲಿ ಅನೇಕರಿಗೆ ಅಲ್ಲಮಪ್ರಭುವಿನ ಅವತಾರ. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ, ಶಂಖ ಊದುತ್ತಾರೆ, ಗೋರಿಯ ಬಳಿ ತೆಂಗಿನಕಾಯಿ ಒಡೆಯುತ್ತಾರೆ. ಇದನ್ನು ನೋಡಿದವರಿಗೆಲ್ಲ ಭಾಷಣ ಮಾಡುವ ಆಸೆ ಹುಟ್ಟುತ್ತದೆ. ಕಾಯಿ ಒಡೆಸಲು ಬಂದವರಿಗೆ ಅದರ ಗೊಡವೆಯಿಲ್ಲ. ಅವರು ಹರಕೆ ತೀರಿಸಲು ಬಂದಿರುತ್ತಾರೆ.

ಗೋರಿಯೊಳಗಿನ ಚಿತ್ತಾರ ನೋಡಬೇಕಾದರೆ ಜಾತ್ರೆಯ ಗದ್ದಲ ಮುಗಿದ ಮೇಲೆ, ಬಿಸಿಲು ಚೆನ್ನಾಗಿರುವ ಹೊತ್ತಿಗೆ ಮತ್ತೊಮ್ಮೆ ಹೋಗಬೇಕು. ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಅಲ್ಲಿದ್ದ ಹಿರಿಯರೊಬ್ಬರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಬೆಳಕಿನ ತುಣುಕು ಗುಮ್ಮಟದ ಮೇಲೆ ಹರಿದಾಡಿದಂತೆ ಕೆಂಪು, ಕಡುನೀಲಿ, ಚಿನ್ನದ ಅಕ್ಷರಗಳು ತುಂಡುತುಂಡಾಗಿ ಎದ್ದು ಬಂದವು. ಮೊಬೈಲ್ ಟಾರ್ಚ್ ಅಲ್ಲಿ ಯಾವ ಮೂಲೆಗೂ ಸಾಲದು.

ಬೀದರ್ ಊರೊಳಗೆ ಎರಡು ಝರಿಗಳಿವೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ತಲೆಯ ಮೇಲೆ ಬಾವಲಿಗಳು, ತುದಿಯಲ್ಲಿ ದೇವರು. ಅಲ್ಲಿ ನಿಲ್ಲಲು ಜಾಗ ಕಡಿಮೆ, ಆದ್ದರಿಂದ ಸಾಲು ನೀರಿನಲ್ಲೇ ಕಾಯುತ್ತದೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಿ. ಉಸಿರಾಟದ ತೊಂದರೆ ಇರುವವರು ಹೊರಗೇ ಕೈಮುಗಿಯುವುದು ಲೇಸು. ಒಳಗೆ ಬಿಡುತ್ತಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಬಟ್ಟೆ ಬದಲಿಸಿಕೊಂಡು ಸಿಖ್ಖರ ಗುರುದ್ವಾರ ನಾನಕ್ ಝೀರಾಕ್ಕೆ ಹೋಗುತ್ತೇನೆ, ಏಕೆಂದರೆ ಗುಹೆಯಿಂದ ಬಂದವರಿಗೆ ಹಸಿವು ಜೋರು. ಉಪ್ಪುನೀರಿನ ಊರಿನಲ್ಲಿ ಗುರುನಾನಕರು ಪಾದದಿಂದ ಕಲ್ಲು ಸರಿಸಿ ಸಿಹಿನೀರು ಹರಿಸಿದರು ಎಂಬುದು ಅಲ್ಲಿಯ ನಂಬಿಕೆ. ತಲೆಗೆ ವಸ್ತ್ರ ಕಟ್ಟಿ, ಕಾಲು ತೊಳೆದು ಒಳಗೆ ಹೋಗಬೇಕು. ಲಂಗರಿನ, ಅಂದರೆ ಗುರುದ್ವಾರದ ಉಚಿತ ಊಟದ ಪಂಕ್ತಿಯಲ್ಲಿ ರೊಟ್ಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು, ತಟ್ಟೆ ಮುಂದೊಡ್ಡಬಾರದು.

ಬೀದರ್‌ನಿಂದ ಕಲಬುರಗಿಗೆ ಈಗ ರೈಲಿದೆ. 2017ರಲ್ಲಿ ಆ ಮಾರ್ಗ ಪೂರ್ತಿಯಾಯಿತು. ಹುಮನಾಬಾದಿನಲ್ಲಿ ಇಳಿದರೆ ಪಕ್ಕದಲ್ಲೇ ಮಾಣಿಕನಗರ. ಎಲ್ಲ ಮತಗಳೂ ಸತ್ಯವೆನ್ನುವ ಸಕಲಮತ ಸಂಪ್ರದಾಯವನ್ನು ಕಟ್ಟಿದ ಮಾಣಿಕಪ್ರಭುಗಳ ಸಮಾಧಿ ಅಲ್ಲಿದೆ.

ಇನ್ನು ವಾರದ ಲೆಕ್ಕ. ಗುರುವಾರ ದತ್ತನ ವಾರ, ದರ್ಗಾಗಳಿಗೂ ಜನ ಸೇರುವ ದಿನ. ನಾನು ಗುರುವಾರ ಸಂಜೆಯನ್ನು ಬಂದೇನವಾಜರಿಗೆ ಬಿಟ್ಟು ದತ್ತಕ್ಷೇತ್ರವಾದ ಗಾಣಗಾಪುರಕ್ಕೆ ಶುಕ್ರವಾರ ಹೋಗುತ್ತೇನೆ. ಭೀಮಾ ಮತ್ತು ಅಮರ್ಜಾ ಸಂಗಮದಲ್ಲಿ ಸ್ನಾನ ಮುಗಿಸಿ ಮಧ್ಯಾಹ್ನದೊಳಗೆ ಊರೊಳಗಿರಬೇಕು. ಅದು ಮಧುಕರಿಯ, ಅಂದರೆ ಮನೆಮನೆಯ ಭಿಕ್ಷೆಯ ಹೊತ್ತು. ದತ್ತಾತ್ರೇಯ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ ಜನ ಐದು ಮನೆಗಳ ಮುಂದೆ ಜೋಳಿಗೆ ಒಡ್ಡುತ್ತಾರೆ.

ಒಮ್ಮೆ ನಮ್ಮ ಅತ್ತೆ ಜೊತೆಗಿದ್ದರು. “ಬೇಡುವುದು ನಮ್ಮ ಮನೆತನದಲ್ಲೇ ಇಲ್ಲ, ನೀನು ಬೇಕಾದರೆ ಬೇಡಿಕೋ” ಎಂದು ಗೋಡೆಯ ನೆರಳಿಗೆ ಸರಿದು ನಿಂತರು. ಆ ಗೋಡೆಯೂ ಯಾರದೋ ಮನೆಯದೇ. ಒಳಗಿನಿಂದ ಬಂದ ಹೆಂಗಸು ಏನೂ ಕೇಳದೆ ಜೋಳದ ರೊಟ್ಟಿ, ಪಲ್ಯ ನೀಡಿದರು. ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿ ಸೆರಗು ಒಡ್ಡಿದರು. ಮುಂದಿನ ಮನೆಗೆ ಅವರೇ ಮುಂದಾಗಿ ನಡೆದರು.

ರೈಲಿನಲ್ಲಿ ಬರುವವರಿಗೆ ಒಂದು ಮಾತು: ಗಾಣಗಾಪುರ ರೋಡ್ ನಿಲ್ದಾಣ ಕ್ಷೇತ್ರಕ್ಕೆ ನಡೆದು ಹೋಗುವಷ್ಟು ಹತ್ತಿರವಿಲ್ಲ. ವಯಸ್ಸಾದವರಿದ್ದರೆ ಕಲಬುರಗಿಯಲ್ಲೇ ಇಳಿದು ಬಸ್ ಹಿಡಿಯುವುದು ಸಲೀಸು.