‘ನೆನಪಿದೆ’ಯೋ ‘ಗೊತ್ತು’ ಅಷ್ಟೆಯೋ: ಪರೀಕ್ಷೆ ನಡೆಸುವ ನನ್ನ ಕ್ರಮ

ಪ್ಯಾರಿಸ್ ಫ್ರಾನ್ಸಿನ ರಾಜಧಾನಿ ಎಂದು ಗೊತ್ತಿರುತ್ತದೆ, ಅದನ್ನು ಕಲಿತ ಗಳಿಗೆ ಮಾತ್ರ ಮಾಸಿಹೋಗಿರುತ್ತದೆ. ಮೊದಲ ಸಲ ನೀರಿಗಿಳಿದು ಈಜಿದ್ದನ್ನು ನೆನೆದರೆ ಆ ತಂಪು, ಆ ಅಳುಕು ಮತ್ತೆ ಬರುತ್ತವೆ. ಈ ಎರಡು ಬಗೆಯ ಸ್ಮರಣೆಯನ್ನು ಮನೋವಿಜ್ಞಾನಿ ಎಂಡೆಲ್ ಟುಲ್ವಿಂಗ್ 1972ರಲ್ಲಿ ಬೇರ್ಪಡಿಸಿದರು. ಇವುಗಳ ಜತೆಗಿರುವ ಅರಿವೂ ಬೇರೆ ಎಂದು 1985ರಲ್ಲಿ ವಾದಿಸಿ, ಅದನ್ನು ಅನುಭವಿಸುವವರನ್ನೇ ಕೇಳುವ ವಿಧಾನವನ್ನೂ ಕೊಟ್ಟರು. ನಾನು ಬಳಸುವುದು ಅದನ್ನೇ, ತುಸು ತಿದ್ದಿಕೊಂಡು.

ಬಳಕೆಯಲ್ಲಿ ಹೆಚ್ಚು ಕಡಿಮೆ ಸಮನಾದ 80 ಪದ ಆರಿಸಿ 40ರಂತೆ ಎರಡು ಗುಂಪು ಮಾಡುತ್ತೇನೆ. ಅರ್ಧ ಜನಕ್ಕೆ ಒಂದು ಗುಂಪು ಓದಿನ ಪಟ್ಟಿ, ಉಳಿದವರಿಗೆ ಇನ್ನೊಂದು. ಪದಕ್ಕೆ 2 ಸೆಕೆಂಡು. ಪಟ್ಟಿಯ ಮೊದಲಲ್ಲಿ ಮತ್ತು ಕೊನೆಯಲ್ಲಿ ಬಂದ ಪದಗಳು ಸುಲಭವಾಗಿ ಉಳಿಯುವುದರಿಂದ ಎರಡೂ ತುದಿಗೆ ಲೆಕ್ಕಕ್ಕಿಲ್ಲದ ಮೂರು ಮೂರು ಪದ ಸೇರಿಸುತ್ತೇನೆ. ಆಮೇಲೆ 15 ನಿಮಿಷ ಬೇರೇನಾದರೂ ಕೆಲಸ, ಕೂಡುವ ಕಳೆಯುವ ಲೆಕ್ಕವಾದರೂ ಸಾಕು. ಅಂತರವಿಲ್ಲದೆ ಪರೀಕ್ಷಿಸಿದರೆ ಜನ ಹೆಚ್ಚಿನದಕ್ಕೆ ‘ನೆನಪಿದೆ’ ಎಂದುಬಿಡಬಹುದು. ಕೊನೆಗೆ 80 ಪದಗಳನ್ನೂ ಕಲಸಿ ತೋರಿಸಿ, ‘ಪಟ್ಟಿಯಲ್ಲಿತ್ತೇ?’ ಎಂದು ಕೇಳುವುದು. ಹೌದೆಂದರೆ, ಯಾವ ಬಗೆಯಲ್ಲಿ ಎಂಬ ಎರಡನೆಯ ಪ್ರಶ್ನೆ.

ಕೆಲಸ ಕೆಡುವುದು ಈ ಎರಡನೆಯ ಪ್ರಶ್ನೆಯಲ್ಲಿ. ವಿವರಿಸದೆ ಬಿಟ್ಟರೆ ಜನ ಅದನ್ನು ಖಾತ್ರಿಯ ಅಳತೆಗೋಲಾಗಿ ಮಾಡಿಕೊಳ್ಳುತ್ತಾರೆ: ಗಟ್ಟಿಯಾದದ್ದು ಒಂದು ಕಡೆ, ಸಡಿಲವಾದದ್ದು ಇನ್ನೊಂದು ಕಡೆ. ಅದಕ್ಕೇ ‘ನೆನಪಿದೆ’, ‘ಗೊತ್ತು’ ಎನ್ನುವ ಬದಲು ಉತ್ತರಗಳಿಗೆ ಬರೀ ಅ, ಬ, ಕ ಎಂದಿಡುತ್ತೇನೆ. ಅ: ಪದ ಕಂಡಾಗಿನ ಏನಾದರೂ ಮರಳುತ್ತದೆ, ಆಗ ಹೊಳೆದ ಯೋಚನೆ, ಪಕ್ಕದ ಪದ, ಕೇಳಿಸಿದ ಸದ್ದು. ಬ: ಇತ್ತೆಂದು ಗೊತ್ತು, ಜತೆಗೆ ಏನೂ ಬರುವುದಿಲ್ಲ. ಕ: ಊಹೆ. ಊಹೆಗೆ ಜಾಗ ಕೊಡದಿದ್ದರೆ ಅದೆಲ್ಲ ಬ ಒಳಗೆ ಹೋಗಿ ಸೇರುತ್ತದೆ. ಬ ಉತ್ತರ ನೂರಕ್ಕೆ ನೂರು ಖಚಿತವಿರಬಹುದು ಎಂದು ಬಾಯಿಬಿಟ್ಟು ಹೇಳಲೇಬೇಕು. ಕಣ್ಣೆದುರು ಚಿತ್ರ ಮೂಡಬೇಕೆಂದಿಲ್ಲ ಎಂದೂ ಹೇಳಬೇಕು, ಮನಸ್ಸಿನಲ್ಲಿ ಚಿತ್ರವೇ ಕಾಣದವರೂ ಇದ್ದಾರೆ.

ಶುರು ಮಾಡುವ ಮುನ್ನ ಏಳೆಂಟು ಪದಗಳ ಅಭ್ಯಾಸ ಕೊಟ್ಟು, ಪ್ರತಿ ಅ ಉತ್ತರಕ್ಕೂ ಕಾರಣ ಕೇಳುತ್ತೇನೆ. ‘ಈ ಪದ ಓದಿದಾಗ ನಮ್ಮ ನಾಯಿ ನೆನಪಾಗಿತ್ತು’ ಎಂದರೆ ಸರಿ. ‘ಖಂಡಿತ ಇತ್ತು’ ಎಂದರೆ ಅರ್ಥವಾಗಿಲ್ಲ, ಮತ್ತೆ ವಿವರಿಸಬೇಕು. ತುಂಬ ನವಿರಾದ ತಪ್ಪೊಂದಿದೆ: ನಾಯಿ ನೆನಪಾದದ್ದು ಓದುವಾಗ ಅಲ್ಲ, ಈಗ ಪರೀಕ್ಷೆಯಲ್ಲಿ. ಅದು ಅ ಅಲ್ಲ. ‘ಆಗಲೋ, ಈಗಲೋ?’ ಎಂಬ ಒಂದು ಪ್ರಶ್ನೆ ಎಷ್ಟೋ ಗೊಂದಲ ಬಿಡಿಸುತ್ತದೆ.

ಲೆಕ್ಕ ಹಾಕುವಾಗ, ಓದಿನ ಪಟ್ಟಿಯಲ್ಲಿಲ್ಲದ ಹೊಸ ಪದಗಳಿಗೆ ಬಂದ ಅ, ಬ ಉತ್ತರಗಳನ್ನು ಕಳೆಯದೆ ಬಿಡಬಾರದು. ಅ ಎಂದ ಪದಕ್ಕೆ ಬ ಎನ್ನಲು ಅವಕಾಶವೇ ಇಲ್ಲವಾದ್ದರಿಂದ ಬ ಯಾವಾಗಲೂ ಕಡಿಮೆ ಕಾಣುತ್ತದೆ. ಎರಡು ಬಗೆಯೂ ಪರಸ್ಪರ ಸ್ವತಂತ್ರ ಎಂದು ಒಪ್ಪಿದರೆ ಬ ಪಾಲನ್ನು (1 − ಅ) ಇಂದ ಭಾಗಿಸಬೇಕು: ಅ 0.50, ಬ 0.20 ಇದ್ದರೆ ಸರಿಪಡಿಸಿದ ಬ 0.40. ಇವು ಎರಡು ಬಗೆಯಲ್ಲ, ಒಂದೇ ನೆನಪಿನ ಬಲದ ಹೆಚ್ಚು ಕಡಿಮೆ ಅಷ್ಟೆ ಎನ್ನುವವರೂ ಇದ್ದಾರೆ. ಅವರ ಆಕ್ಷೇಪ ಹಗುರವಾದದ್ದಲ್ಲ, ಹಾಗಾಗಿ ಖಾತ್ರಿಯನ್ನು ಪ್ರತ್ಯೇಕವಾಗಿ ಕೇಳಿ ಬರೆದಿಟ್ಟುಕೊಳ್ಳುತ್ತೇನೆ.

ಅ ಎಂದ ಮಾತ್ರಕ್ಕೆ ಅದು ನಡೆದದ್ದೇ ಎಂದಲ್ಲ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಮೆಕ್‌ಡರ್ಮಟ್ 1995ರಲ್ಲಿ ತೋರಿಸಿದಂತೆ, ಹಾಸಿಗೆ, ವಿಶ್ರಾಂತಿ, ಕನಸು ಇಂಥ ಪದಗಳ ಪಟ್ಟಿ ಕೇಳಿದವರು ಅದರಲ್ಲಿ ಇಲ್ಲದ ‘ನಿದ್ರೆ’ಯನ್ನೂ ಎಷ್ಟೋ ಸಲ ‘ನೆನಪಿದೆ’ ಎನ್ನುತ್ತಾರೆ. ಜೀವನದ ಘಟನೆಗಳನ್ನು ವಿಚಾರಿಸುವಾಗ ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ: ದೃಶ್ಯ ನಿಮ್ಮ ಕಣ್ಣಿಂದಲೇ ಕಾಣುತ್ತದೆಯೇ, ಅಥವಾ ಹೊರಗೆ ನಿಂತು ನಿಮ್ಮನ್ನೇ ನೋಡುತ್ತೀರಾ? ಹಳೆಯ ನೆನಪುಗಳಲ್ಲಿ ಎರಡನೆಯದು ಹೆಚ್ಚು.