ಹೂದೋಟದ ನೆಲಕ್ಕೆ ಮಡಿಕೆ ಕಾಳಿನ ಹಾಸು

ಕುಶಾಲನಗರದ ಕಡೆ ಏಪ್ರಿಲ್ ಬಿಸಿಲು ಮಡಿಕೇರಿಯ ಹಾಗಲ್ಲ. ನಮ್ಮ ಮನೆ ಪಕ್ಕದ ಬರೆಯ (ಕಡಿದಾದ ಮಣ್ಣಿನ ಇಳಿಜಾರು) ಮೇಲೆ ಗುಲಾಬಿ, ದಾಸವಾಳ ಇವೆ. ಅವುಗಳ ನಡುವಿನ ಕೆಂಪು ಮಣ್ಣು ಕಾದು ಬಿರಿಯುತ್ತಿತ್ತು, ಒಂದು ಗುಡುಗು ಮಳೆ ಜೋರಾಗಿ ಬಂದರೆ ಮೇಲ್ಮಣ್ಣೆಲ್ಲ ಅಂಗಳಕ್ಕೆ ಇಳಿಯುತ್ತಿತ್ತು. ಅಲ್ಲಿಗೆ ಮಡಿಕೆ ಕಾಳು ಬಿತ್ತಿದೆ. ಹೌದು, ಉಸಳಿ ಮಾಡುವ ಅದೇ ಕಾಳು. ರಾಜಸ್ಥಾನದ ಮರಳಲ್ಲಿ ಬೆಳೆಯುವುದು ಕೊಡಗಿಗೆ ಯಾಕೆ ಅಂತ ಮನೆಯಲ್ಲೇ ಕೇಳಿದರು.

ಅದು ಬೆಳೆಯುವ ರೀತಿಯೇ ಕಾರಣ. ಹುರುಳಿ, ಅಲಸಂದೆ ಬಳ್ಳಿ ಗುಲಾಬಿಗೆ ಸುತ್ತಿಕೊಳ್ಳುತ್ತವೆ, ಇದು ಹತ್ತುವುದಿಲ್ಲ. ನಡುವಿನ ಕಾಂಡ ಗಿಡ್ಡ, ಕೊಂಬೆಗಳು ನೆಲಕ್ಕೆ ಒರಗಿ ಸುತ್ತಲೂ ಹರಡುತ್ತವೆ, ಎತ್ತರ ಸುಮಾರು ಒಂದು ಅಡಿ ಅಷ್ಟೇ. ಎಲೆಗಳು ಬೆರಳು ಬಿಡಿಸಿದ ಹಾಗೆ ಸೀಳಿಕೊಂಡಿರುತ್ತವೆ, ನೋಡಲಿಕ್ಕೆ ಬಹಳ ಚೆಂದ. ತಾಯಿಬೇರು ಆಳಕ್ಕೆ ಹೋಗುವುದರಿಂದ ನೀರೂ ಜಾಸ್ತಿ ಬೇಡ.

ದಿನಸಿ ಅಂಗಡಿಯ ಕಾಳೇ ಸಾಕು. ಒಂದು ಹಿಡಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಚೆನ್ನಾಗಿ ಬರುತ್ತಾ ನೋಡಿಕೊಳ್ಳಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ಮಣ್ಣು ಹದವಾದಾಗ ಒಂದು ಇಂಚು ಆಳಕ್ಕೆ, ಗೇಣಿಗೊಂದರಂತೆ ಊರಬೇಕು. ಗುಲಾಬಿ ಬುಡದಿಂದ ಒಂದು ಅಡಿ ಜಾಗ ಬಿಡಿ. ನವಿಲು ಕೆದಕದ ಹಾಗೆ ಕಾಫಿ ಗಿಡದಿಂದ ಕತ್ತರಿಸಿದ ರೆಂಬೆಗಳನ್ನು ಮೇಲೆ ಹರಡುತ್ತೇನೆ. ಯೂರಿಯಾ ಮಾತ್ರ ಬೇಡವೇ ಬೇಡ, ಸಾರಜನಕ ಜಾಸ್ತಿಯಾದರೆ ಬೇರಲ್ಲಿ ಗಂಟು ಸರಿಯಾಗಿ ಕಟ್ಟುವುದಿಲ್ಲ. ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರವಾಗಿಸುವ ಸೂಕ್ಷ್ಮಜೀವಿಗಳು ಇರುವುದು ಈ ಗಂಟುಗಳಲ್ಲೇ. ಒಂದು ಗಿಡ ಅಗೆದು ಗಂಟು ಒಡೆದು ನೋಡಿ, ಒಳಗೆ ಗುಲಾಬಿ ಬಣ್ಣ ಇದ್ದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ.

ನೆಲ ಮುಚ್ಚುವವರೆಗೆ ಕಳೆ ಕೀಳಲೇಬೇಕು. ಆಮೇಲೆ ಅಷ್ಟೇನೂ ಕೆಲಸವಿಲ್ಲ. ಎಲೆಯಲ್ಲಿ ಹಳದಿ ಮಚ್ಚೆ ಕಂಡರೆ ಆ ಗಿಡವನ್ನು ಅವತ್ತೇ ಕಿತ್ತು ಸುಟ್ಟುಬಿಡುತ್ತೇನೆ. ಅದು ಬಿಳಿನೊಣ ಹರಡುವ ವೈರಸ್, ಔಷಧಿ ಹೊಡೆದರೂ ಆ ಗಿಡ ವಾಸಿಯಾಗುವುದಿಲ್ಲ.

ಬಹಳ ಮುಖ್ಯವಾದದ್ದು ಜೂನ್ ತಿಂಗಳ ಕೆಲಸ. ಮಡಿಕೆಗೆ ನಿಂತ ನೀರು ಆಗುವುದಿಲ್ಲ, ನಮ್ಮ ಮಳೆಗಾಲದಲ್ಲಿ ಕೊಳೆತು ಹೋಗುತ್ತದೆ. ಅದಕ್ಕೇ ಮಳೆ ಹಿಡಿಯುವ ಮುಂಚೆ ನೆಲಮಟ್ಟಕ್ಕೆ ಕತ್ತರಿಸಿ ಸೊಪ್ಪನ್ನು ಅಲ್ಲೇ ಹಾಸುತ್ತೇನೆ. ಬೇರು ಕೀಳಬಾರದು, ಕಿತ್ತರೆ ಮಣ್ಣು ಸಡಿಲವಾಗುತ್ತದೆ, ಗಂಟಿನ ಸಾರವೂ ಹೋಯಿತು ಅಲ್ವಾ. ಮಣ್ಣೊಳಗೇ ಕೊಳೆತರೆ ಅದು ಗುಲಾಬಿಗೆ ಗೊಬ್ಬರ.

ಒಂದು ಮಾತು, ಇದು ತಡೆಯುವುದು ಮೇಲ್ಮಣ್ಣು ಕೊಚ್ಚಿಹೋಗುವುದನ್ನು ಮಾತ್ರ. ಬರೆ ಕುಸಿಯುವ ಜಾಗದಲ್ಲಿ ಇದನ್ನು ನಂಬಿ ಕೂರಬೇಡಿ. ಅಲ್ಲಿಗೆ ತಡೆಗೋಡೆ, ಲಾವಂಚದಂಥ ಆಳದ ಬೇರಿನ ಹುಲ್ಲು ಬೇಕು.