ಬಂದವನು ಎಷ್ಟು, ಹೋದವನು ಎಷ್ಟು: ಕಾಲೇಜು ಬ್ಯಾಸ್ಕೆಟ್‌ಬಾಲ್ ವಾದಕ್ಕೆ ಇಳಿಯುವ ಮುನ್ನ ಹಾಕಬೇಕಾದ ಲೆಕ್ಕ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಪಂದ್ಯಗಳು ಏಪ್ರಿಲ್ ಮೊದಲ ವಾರಕ್ಕೆ ಮುಗಿಯುತ್ತವೆ, ಯಾರು ತಂಡ ಬಿಟ್ಟರು, ಯಾರು ಬಂದರು ಎಂಬ ಜಗಳ ಅಲ್ಲಿಂದ ಶುರುವಾಗುತ್ತದೆ. ಅಲ್ಲಿಗೆ ಎಂ.ಎಸ್. ಮಾಡಲು ಹೋಗಿ ತಮ್ಮ ಯೂನಿವರ್ಸಿಟಿ ತಂಡದ ಹುಚ್ಚು ಹಿಡಿಸಿಕೊಂಡ ಕನ್ನಡದ ಹುಡುಗರಿಗೂ ಈ ಜಗಳ ಹೊಸದಲ್ಲ. "ಫೈವ್ ಸ್ಟಾರ್ ಹುಡುಗ ಬರ್ತಿದಾನೆ, ಹೋದವನ ಚಿಂತೆ ಯಾಕೆ?" ಎನ್ನುತ್ತಾನೆ ಒಬ್ಬ (ಹೈಸ್ಕೂಲ್ ಆಟಗಾರರಿಗೆ ಕೊಡುವ ಅತಿ ಮೇಲಿನ ದರ್ಜೆ ಫೈವ್ ಸ್ಟಾರ್). "ಅವನು ಹೋದ್ಮೇಲೆ ಈ ಸೀಸನ್ ಮುಗೀತು ಬಿಡು" ಎನ್ನುತ್ತಾನೆ ಇನ್ನೊಬ್ಬ. ಇಬ್ಬರೂ ಹೆಸರಿಗೆ ಹೆಸರು ತೂಗುತ್ತಿದ್ದಾರೆ. ತೂಗಬೇಕಾದದ್ದು ನಿಮಿಷಗಳನ್ನು.

ಹೆಸರು ತೂಗಿದರೆ ಏನಾಗುತ್ತದೆ ಎನ್ನುವುದಕ್ಕೆ ನ್ಯೂಜೆರ್ಸಿಯ ರಟ್ಗರ್ಸ್ ಯೂನಿವರ್ಸಿಟಿ ತಂಡವನ್ನೇ ನೋಡಿ. 2024ರಲ್ಲಿ ಏಸ್ ಬೇಲಿ, ಡಿಲನ್ ಹಾರ್ಪರ್ ಇಬ್ಬರೂ ಅಲ್ಲಿಗೆ ಬಂದರು. ದೇಶದ ಮೊದಲ ಐದು ಹೈಸ್ಕೂಲ್ ಆಟಗಾರರಲ್ಲಿ ಇಬ್ಬರು ಒಂದೇ ತಂಡಕ್ಕೆ! ಹಾರ್ಪರ್ ಪಂದ್ಯಕ್ಕೆ 19.4, ಬೇಲಿ 17.6 ಪಾಯಿಂಟ್ ಗಳಿಸಿದರು. ಮುಂದಿನ ಎನ್‌ಬಿಎ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವುದು) ಎರಡನೆಯ ಮತ್ತು ಐದನೆಯ ಆಯ್ಕೆಯಾದರು. ಆದರೆ ತಂಡ ಗೆದ್ದದ್ದು 15, ಸೋತದ್ದು 17. ಅವರಿಬ್ಬರೂ ಇಲ್ಲದ ಹಿಂದಿನ ವರ್ಷವೂ ಗೆದ್ದದ್ದು 15, ಸೋತದ್ದು 17. 2024ರ ಬೇಸಿಗೆಯಲ್ಲಿ ಅಲಬಾಮಕ್ಕೆ ಹೊರಟ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ) ಕ್ಲಿಫರ್ಡ್ ಒಮೊರುಯಿ ಪಂದ್ಯಕ್ಕೆ 10 ಪಾಯಿಂಟ್ ಚಿಲ್ಲರೆಯವನು. ಆದರೆ ಪಂದ್ಯಕ್ಕೆ ಸುಮಾರು 3 ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು), 8 ರೀಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡು ಹಿಡಿಯುವುದು) ಅವನ ಜೊತೆಗೇ ಹೊರಟುಹೋದವು.

ಮೊದಲು: ಹೋದವನು ನಿಜಕ್ಕೂ ಹೋದನೇ?

ಹೋಗುವುದರಲ್ಲಿ ಮೂರು ಬಗೆ. ಆಡುವ ಅರ್ಹತೆಯೇ ಮುಗಿದವನು ತಿರುಗಿ ಬರುವುದಿಲ್ಲ. ಟ್ರಾನ್ಸ್‌ಫರ್ ಪೋರ್ಟಲ್‌ಗೆ (ಕಾಲೇಜು ಬದಲಿಸಲು ಬಯಸುವವರ ಪಟ್ಟಿ) ಹೆಸರು ಕೊಟ್ಟವನು ಬರಬಹುದು. ಎನ್‌ಬಿಎ ಡ್ರಾಫ್ಟ್‌ಗೆ ಹೆಸರು ಕೊಟ್ಟವನೂ ಬರಬಹುದು.

ಪೋರ್ಟಲ್ ಶುರುವಾದದ್ದು 2018ರ ಅಕ್ಟೋಬರ್‌ನಲ್ಲಿ. ಆಗ ಕಾಲೇಜು ಬದಲಿಸಿದವನು ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಿಂದ ಒಂದು ಸಲ ಹಾಗೆ ಕೂರದೆ ಬದಲಿಸಬಹುದಾಯಿತು. 2024ರಿಂದ, ಓದಿನಲ್ಲಿ ಹಿಂದೆ ಬೀಳದಿದ್ದರೆ, ಎಷ್ಟು ಸಲವಾದರೂ ಸರಿ. ಪೋರ್ಟಲ್‌ನ ಅವಧಿ ವರ್ಷ ವರ್ಷ ಬದಲಾಗುತ್ತಿದೆ. 2025ರಲ್ಲಿ ಮಾರ್ಚ್ 24ರಿಂದ ಏಪ್ರಿಲ್ 22ರವರೆಗೆ 30 ದಿನ ಇತ್ತು. ಎಷ್ಟೋ ಜನ ಎಡವುವುದು ಇಲ್ಲೇ: ಅದು ಹೆಸರು ಕೊಡಲು ಕಡೆಯ ದಿನ, ಹೊಸ ಕಾಲೇಜು ಆರಿಸಲು ಅಲ್ಲ. ಪೋರ್ಟಲ್ ಮುಚ್ಚಿ ವಾರಗಳು ಕಳೆದ ಮೇಲೂ ಆಟಗಾರ ಸೇರುತ್ತಿರುತ್ತಾನೆ. ಹೆಸರು ವಾಪಸು ತೆಗೆದುಕೊಂಡು ಇದ್ದಲ್ಲೇ ಉಳಿಯಲೂಬಹುದು, ಅಷ್ಟರಲ್ಲಿ ಕೋಚ್ ಅವನ ಜಾಗ ತುಂಬಿಸಿಬಿಟ್ಟಿರದಿದ್ದರೆ. ಡ್ರಾಫ್ಟ್‌ನಿಂದ ಹಿಂದೆ ಸರಿಯಲು ಕಾಲೇಜು ಆಟಗಾರರಿಗೆ 2025ರಲ್ಲಿದ್ದ ಕಡೆಯ ದಿನ ಮೇ 28. ಜೂನ್ ಬರುವ ತನಕ ತಂಡದ ಆಟಗಾರರ (ರೋಸ್ಟರ್) ಪಟ್ಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ.

ಬರುವವನಿಗೂ ಇದೇ ಎಚ್ಚರ. ಈ ತಂಡಕ್ಕೆ ಬರುತ್ತೇನೆ ಎಂಬ ಬಾಯಿಮಾತಿನ ಕಮಿಟ್‌ಮೆಂಟ್ ಯಾರನ್ನೂ ಕಟ್ಟಿಹಾಕುವುದಿಲ್ಲ. ಮುಖ್ಯವಾಗಿ ಕೋಚ್ ಬದಲಾದರೆ ಪಟ್ಟಿಯನ್ನು ಹರಿದು ಹೊಸದಾಗಿ ಬರೆಯಬೇಕು. 2024ರ ಏಪ್ರಿಲ್‌ನಲ್ಲಿ ಜಾನ್ ಕ್ಯಾಲಿಪರಿ ಕೆಂಟಕಿ ಬಿಟ್ಟು ಆರ್ಕನ್ಸಾಕ್ಕೆ ಹೊರಟಾಗ ಕೆಂಟಕಿಗೆ ಬರಬೇಕಿದ್ದ ಬೂಗೀ ಫ್ಲ್ಯಾಂಡ್, ಕಾರ್ಟರ್ ನಾಕ್ಸ್ ಕೂಡ ಅವರ ಹಿಂದೆಯೇ ನಡೆದರು.

200 ನಿಮಿಷದ ಹಾಳೆ

ಕಾಲೇಜು ಪಂದ್ಯ 40 ನಿಮಿಷ, ಅಂಗಣದಲ್ಲಿ ಐದು ಜನ. ಒಟ್ಟು 200 ನಿಮಿಷ. ಒಂದು ಹಾಳೆಯಲ್ಲಿ ಕಳೆದ ವರ್ಷದ ಎಲ್ಲರ ಹೆಸರು ಬರೆದು ಮುಂದೆ ಐದು ಕಾಲಂ ಎಳೆಯಿರಿ: ಪಂದ್ಯಕ್ಕೆ ನಿಮಿಷ, ಶಾಟ್, ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ಅಡ್ಡ ಬಾರದ ಎಸೆತ), ಪಾಯಿಂಟ್, ಯೂಸೇಜ್. ಶಾಟ್, ಫ್ರೀ ಥ್ರೋ ಎರಡರಲ್ಲೂ ಬುಟ್ಟಿಗೆ ಬೀಳದವೂ ಲೆಕ್ಕಕ್ಕೆ ಸೇರಬೇಕು. ಯೂಸೇಜ್ ಎಂದರೆ ಆಟಗಾರ ಅಂಗಣದಲ್ಲಿದ್ದಾಗ ತಂಡದ ಎಷ್ಟು ಪಾಲು ದಾಳಿಗಳು ಅವನ ಕೈಯಲ್ಲಿ, ಅಂದರೆ ಶಾಟ್, ಫ್ರೀ ಥ್ರೋ ಅಥವಾ ಟರ್ನೋವರ್ (ಚೆಂಡು ಎದುರಾಳಿಗೆ ಬಿಟ್ಟುಕೊಡುವುದು) ಆಗಿ, ಮುಗಿಯುತ್ತವೆ ಎಂಬ ಲೆಕ್ಕ. ಐವರಿಗೆ ಸಮನಾಗಿ ಹಂಚಿದರೆ ತಲೆಗೆ 20%. 28 ದಾಟಿದವನ ಸುತ್ತಲೇ ತಂಡದ ಆಟ ತಿರುಗುತ್ತದೆ. ಈ ಅಂಕಿಗಳೆಲ್ಲ ಕೆನ್ ಪಾಮರಾಯ್, ಬಾರ್ಟ್ ಟಾರ್ವಿಕ್ ನಡೆಸುವ ತಾಣಗಳಲ್ಲಿ ಸಿಗುತ್ತವೆ. ಟಾರ್ವಿಕ್‌ನದಕ್ಕೆ ಕಾಸು ಕೊಡಬೇಕಿಲ್ಲ.

ಈಗ ಹೋದವರ ಸಾಲಿಗೆ ಗೀಟು ಹಾಕಿ. ನಿಮಿಷಗಳು ಖಾಲಿಯಾದವು, ನಿಜ. ಆದರೆ ಪಾಯಿಂಟ್‌ಗಳು ಹಾಗೆ ಖಾಲಿಯಾಗುವುದಿಲ್ಲ. ಅವನು ಹೊಡೆಯುತ್ತಿದ್ದ ಶಾಟ್‌ಗಳನ್ನು ಇನ್ನು ಯಾರೋ ಹೊಡೆಯುತ್ತಾರೆ. ಅವರು ಅವನಿಗಿಂತ ಚೆನ್ನಾಗಿ ಹೊಡೆಯುತ್ತಾರೋ ಇಲ್ಲವೋ ಎಂದು ಕೇಳಬೇಕು. ಅದಕ್ಕೆ ಟ್ರೂ ಶೂಟಿಂಗ್ ಲೆಕ್ಕ ಬೇಕು: ಫ್ರೀ ಥ್ರೋ ಸಂಖ್ಯೆಯನ್ನು 0.475ರಿಂದ ಗುಣಿಸಿ ಶಾಟ್‌ಗಳಿಗೆ ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸಿ, ಪಾಯಿಂಟ್‌ಗಳನ್ನು ಅದರಿಂದ ಭಾಗಿಸಿ.

ಹೋದವನು 13 ಶಾಟ್, 4 ಫ್ರೀ ಥ್ರೋಗಳಲ್ಲಿ 15 ಪಾಯಿಂಟ್ ಗಳಿಸುತ್ತಿದ್ದ ಎನ್ನಿ. 13ಕ್ಕೆ 1.9 ಕೂಡಿದರೆ 14.9, ಇಮ್ಮಡಿಸಿದರೆ 29.8. 15ನ್ನು ಅದರಿಂದ ಭಾಗಿಸಿದರೆ ಸುಮಾರು 50%. ಡಿವಿಷನ್ 1ರ (ಕಾಲೇಜು ಆಟದ ಅತಿ ಮೇಲಿನ ಹಂತ) ಸರಾಸರಿಯೇ ಸುಮಾರು 53–54. ಅವನ ಶಾಟ್‌ಗಳನ್ನು ಸರಾಸರಿ ಹುಡುಗರು ಹಂಚಿಕೊಂಡರೂ 16 ಪಾಯಿಂಟ್ ಬರುತ್ತದೆ, ಅಳುವಂಥದ್ದೇನೂ ಇಲ್ಲ. ಇನ್ನೊಬ್ಬ 7 ಶಾಟ್, 1 ಫ್ರೀ ಥ್ರೋದಲ್ಲಿ 9 ಪಾಯಿಂಟ್ ತರುತ್ತಿದ್ದ ಎನ್ನಿ: ಅದು 60%. ಯಾರೂ ಅವನಿಗಾಗಿ ಕಣ್ಣೀರು ಹಾಕುವುದಿಲ್ಲ, ಆದರೆ ಅವನ ಜಾಗ ತುಂಬುವುದೇ ಕಷ್ಟ.

ಇಲ್ಲೊಂದು ತೊಡಕಿದೆ. ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ತಂಡ ಶಾಟ್ ಹೊಡೆಯಬೇಕಾದ ಗಡುವು, 30 ಸೆಕೆಂಡು. ಕಡೆಯ ಐದು ಸೆಕೆಂಡಿನಲ್ಲಿ ಯಾರಿಗೂ ದಾರಿ ಕಾಣದಾಗ ಚೆಂಡು ಹೋಗುತ್ತಿದ್ದದ್ದು ಇವನ ಕೈಗೇ ಆಗಿದ್ದರೆ ಅವನ 50%ರಲ್ಲಿ ಉಳಿದವರ ಪಾಪವೂ ಸೇರಿದೆ. ಯೂಸೇಜ್ 28ಕ್ಕೆ ಮೇಲಿದ್ದು ಶೇಕಡಾವಾರು ಕಮ್ಮಿ ಇರುವವನನ್ನು ಬೈಯುವ ಮುನ್ನ ಎರಡು ಪಂದ್ಯ ಪೂರ್ತಿ ನೋಡಿ, ಕ್ಲಾಕ್ ಹತ್ತಿರ ಬಂದಾಗಿನ ಶಾಟ್‌ಗಳನ್ನು ಎಣಿಸಿ.

ಹೊಸ ಹುಡುಗನನ್ನು ಓದುವ ಬಗೆ

ಸ್ಟಾರ್‌ಗಿಂತ ರ‍್ಯಾಂಕ್ ನೋಡಿ, ಅದನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಡಿ. 3ಕ್ಕೂ 30ಕ್ಕೂ ಇರುವ ಅಂತರ ದೊಡ್ಡದು. 90ಕ್ಕೂ 150ಕ್ಕೂ ಇರುವುದು ಬಹುಪಾಲು ಅಂದಾಜು. ಪರ್ಡ್ಯೂಗೆ ಬಂದಾಗ ಝ್ಯಾಕ್ ಈಡಿ ನಾನೂರರ ಆಚೆಗಿದ್ದ ತ್ರೀ ಸ್ಟಾರ್ ಆಟಗಾರ. 7 ಅಡಿ 4 ಇಂಚಿನ ಆ ಸೆಂಟರ್ 2023, 2024 ಎರಡೂ ವರ್ಷ ದೇಶದ ಶ್ರೇಷ್ಠ ಆಟಗಾರನಾದ. ಎತ್ತರದ ಹುಡುಗರು ನಿಧಾನವಾಗಿ ಮಾಗುತ್ತಾರೆ, ರ‍್ಯಾಂಕ್ ಕೊಡುವವರು ಎಡವುವುದು ಹೆಚ್ಚಾಗಿ ಅವರಲ್ಲೇ. ರ‍್ಯಾಂಕ್ ಹೇಳುವುದು ಹುಡುಗ ಎಲ್ಲಿಯವರೆಗೆ ಏರಬಲ್ಲ ಎಂಬುದನ್ನು. ಬರುವ ನವೆಂಬರ್‌ನಲ್ಲಿ ಪಿಕ್ ಅಂಡ್ ರೋಲ್‌ಗೆ (ಒಬ್ಬ ಅಡ್ಡ ನಿಂತು ಚೆಂಡು ಹಿಡಿದವನಿಗೆ ದಾರಿ ಮಾಡಿ, ತಾನು ಬುಟ್ಟಿಯತ್ತ ನುಗ್ಗುವ ದಾಳಿ) ಎದುರಾಗಿ ಎಲ್ಲಿ ನಿಲ್ಲುತ್ತಾನೆ ಎನ್ನುವುದು ಅದರಲ್ಲಿ ಇರುವುದಿಲ್ಲ.

ಮೂರು ನಿಮಿಷದ ಹೈಲೈಟ್ ವಿಡಿಯೊ ಬದಿಗಿಡಿ. ಅದರಲ್ಲಿ ಎಲ್ಲರೂ ಡಂಕ್ ಮಾಡುತ್ತಾರೆ. ಬೇಸಿಗೆಯ ಕ್ಲಬ್ ಟೂರ್ನಿಯ ಒಂದು ಇಡೀ ಪಂದ್ಯ ಹುಡುಕಿ, ನೈಕಿಯ ಇವೈಬಿಎಲ್ ಲೀಗ್‌ನದಾದರೆ ಒಳ್ಳೆಯದು. ಹೈಸ್ಕೂಲ್ ಪಂದ್ಯಕ್ಕಿಂತ ಅಲ್ಲಿ ಎದುರಾಳಿಗಳು ಗಟ್ಟಿ. ಚೆಂಡು ಅವನ ಕೈಯಲ್ಲಿ ಇಲ್ಲದಾಗ ನೋಡಿ: ರಕ್ಷಣೆಯಲ್ಲಿ ತಲೆ ತಿರುಗಿಸುತ್ತಾನೋ, ಶಾಟ್ ಮೇಲೆದ್ದಾಗ ಯಾರನ್ನಾದರೂ ಬಾಕ್ಸ್ ಔಟ್ ಮಾಡುತ್ತಾನೋ (ಬೆನ್ನು ಕೊಟ್ಟು ಚೆಂಡಿನಿಂದ ದೂರ ತಡೆಯುತ್ತಾನೋ), ಸುಮ್ಮನೆ ನೋಡುತ್ತಾ ನಿಲ್ಲುತ್ತಾನೋ.

ತ್ರೀ ಪಾಯಿಂಟ್ (ದೂರದ ಗೆರೆಯಾಚೆಯಿಂದ ಹೊಡೆವ, ಮೂರು ಪಾಯಿಂಟ್‌ನ ಶಾಟ್) ಅಂಕಿಯಷ್ಟು ಮೋಸ ಮಾಡುವಂಥದ್ದು ಬೇರೆ ಇಲ್ಲ. ಹೈಸ್ಕೂಲ್ ಗೆರೆ 19 ಅಡಿ 9 ಇಂಚು, ಕಾಲೇಜು ಪುರುಷರ ಗೆರೆ 2019–20ರಿಂದ 22 ಅಡಿ 1¾ ಇಂಚು. ಎರಡು ಅಡಿಗೂ ಹೆಚ್ಚು ಹಿಂದೆ ಸರಿಯಬೇಕು, ಮೇಲೆ ಕೈ ಎತ್ತಿ ಬರುವವನೂ ಉದ್ದ. ಅದೂ ಸಾಲದೆಂಬಂತೆ ಎಣಿಕೆ ಸಣ್ಣದು: ನಿಜವಾಗಿ 35% ಹೊಡೆಯಬಲ್ಲ ಹುಡುಗ 100 ಶಾಟ್ ಹೊಡೆದರೆ, ಬರೀ ಅದೃಷ್ಟದ ಏರುಪೇರಿನಲ್ಲೇ, ಸುಮಾರು ನಾಲ್ಕರಲ್ಲಿ ಮೂರು ಸಲ ಅದು 30ರಿಂದ 40ರ ನಡುವೆ ಎಲ್ಲಿಯಾದರೂ ಬೀಳುತ್ತದೆ, ನಾಲ್ಕನೆಯ ಸಲ ಅದರಾಚೆ. ಹಾಗಾಗಿ "40% ಶೂಟರ್" ಎಂದು ಯಾರಾದರೂ ಅಂದರೆ ಎಷ್ಟು ಶಾಟ್‌ಗೆ ಎಂದು ಕೇಳಿ, ಆಮೇಲೆ ಫ್ರೀ ಥ್ರೋ ನೋಡಿ. ಗೆರೆ ಎಲ್ಲ ಕಡೆಯೂ 15 ಅಡಿ, ಎದುರು ಯಾರೂ ಇಲ್ಲ. ಕೈಯ ಹದ ಗೊತ್ತಾಗುವುದು ಅಲ್ಲಿ. ಫ್ರೀ ಥ್ರೋ 60% ಇದ್ದು ತ್ರೀ 40% ಇದ್ದರೆ ಆ 40ನ್ನು ನಂಬಬೇಡಿ.

ಸೆಂಟರ್ ಆಗಿದ್ದರೆ ಫೌಲ್ ಎಣಿಸಿ. ಐದು ಫೌಲ್‌ಗೆ ಆಟದಿಂದ ಹೊರಗೆ. 40 ನಿಮಿಷಕ್ಕೆ 6 ಫೌಲ್ ಮಾಡುವವನು ಲೆಕ್ಕದ ಪ್ರಕಾರ 33 ನಿಮಿಷ ಉಳಿಯಬೇಕು. ಆದರೆ ಮೊದಲರ್ಧದಲ್ಲೇ ಎರಡು ಫೌಲ್ ಬಿದ್ದರೆ ಹೆಚ್ಚಿನ ಕೋಚ್‌ಗಳು ಅವನನ್ನು ಬೆಂಚಿಗೆ ಕಳಿಸುತ್ತಾರೆ, ಕೈಗೆ ಸಿಗುವುದು 20–22 ನಿಮಿಷ. ನಿಮ್ಮ ಹಾಳೆಯಲ್ಲೂ ಅಷ್ಟೇ ಬರೆಯಿರಿ.

ಪೋರ್ಟಲ್‌ನಿಂದ ಬಂದವನು

ಕಾಲೇಜಿನಲ್ಲಿ ಎರಡು ಮೂರು ವರ್ಷ ಆಡಿದವನ ಅಂಕಿ ಹೈಸ್ಕೂಲ್ ಅಂಕಿಗಿಂತ ನಂಬಿಕಸ್ಥ. 2025ರಲ್ಲಿ ಹ್ಯೂಸ್ಟನ್ ವಿರುದ್ಧ 65–63ರಿಂದ ಗೆದ್ದು ಪ್ರಶಸ್ತಿ ಹೊತ್ತ ಫ್ಲಾರಿಡ ತಂಡದಲ್ಲಿ ವಾಲ್ಟರ್ ಕ್ಲೇಟನ್ ಐಯೊನಾದಿಂದ, ಅಲೈಜಾ ಮಾರ್ಟಿನ್ ಫ್ಲಾರಿಡ ಅಟ್ಲಾಂಟಿಕ್‌ನಿಂದ, ವಿಲ್ ರಿಚರ್ಡ್ ಬೆಲ್‌ಮಾಂಟ್‌ನಿಂದ ಬಂದವರು. ಆದರೂ ಸಣ್ಣ ಕಾನ್ಫರೆನ್ಸ್‌ನ (ತಮ್ಮೊಳಗೇ ಹೆಚ್ಚು ಆಡುವ ಕಾಲೇಜುಗಳ ಕೂಟ) 18 ಪಾಯಿಂಟನ್ನು ಹಾಗೆಯೇ ಎತ್ತಿ ತರಬೇಡಿ. ಟಾರ್ವಿಕ್ ತಾಣದಲ್ಲಿ ಮೊದಲ ನೂರು ತಂಡಗಳ ವಿರುದ್ಧದ ಪಂದ್ಯಗಳನ್ನಷ್ಟೇ ಸೋಸಿ ನೋಡಬಹುದು. ಶೂಟಿಂಗ್ ಅಲ್ಲೂ ನಿಂತಿದ್ದರೆ ಸರಿ. ಟರ್ನೋವರ್ ಅಲ್ಲಿ ಹಠಾತ್ತನೆ ಏರಿದ್ದರೆ ಚೆಂಡು ಹೊರುವ ಕೆಲಸಕ್ಕೆ ಅವನನ್ನು ನಂಬಿ ಕೂರಬೇಡಿ.

ಪಾತ್ರ ಚಿಕ್ಕದಾದಾಗ ಆಟ ಹೊಳೆಯುವವರನ್ನು ಗುರುತಿಸುವುದು ಇನ್ನೂ ಮುಖ್ಯ. ಕ್ಯಾಮ್ ಸ್ಪೆನ್ಸರ್ 2023ರಲ್ಲಿ ಬಿಟ್ಟು ಹೊರಟದ್ದು ಇದೇ ರಟ್ಗರ್ಸ್ ತಂಡವನ್ನು. ಅಲ್ಲಿ ಪಂದ್ಯಕ್ಕೆ 13 ಪಾಯಿಂಟ್, ತ್ರೀ 43%. ಯುಕಾನ್‌ನಲ್ಲಿ (ಕನೆಕ್ಟಿಕಟ್ ಯೂನಿವರ್ಸಿಟಿ) 14 ಪಾಯಿಂಟ್, 44%. ಅಂಕಿ ಹೆಚ್ಚು ಕದಲಲೇ ಇಲ್ಲ. ಆ ತಂಡ 37 ಪಂದ್ಯ ಗೆದ್ದು ಚಾಂಪಿಯನ್ ಆಯಿತು.

ಯುಕಾನ್‌ನ ಆ ಬೇಸಿಗೆಯನ್ನು ಪಾಠದಂತೆ ಓದಬಹುದು. 2023ರಲ್ಲಿ ಪ್ರಶಸ್ತಿ ಗೆದ್ದ ಮೇಲೆ ಸೆಂಟರ್ ಅಡಾಮ ಸನೋಗೊ, ಜೋರ್ಡನ್ ಹಾಕಿನ್ಸ್, ಆಂಡ್ರೆ ಜಾಕ್ಸನ್ ಮೂವರೂ ಹೊರಟರು. ಸನೋಗೊ ಜಾಗಕ್ಕೆ ಹೊರಗಿನಿಂದ ದೊಡ್ಡ ಹೆಸರು ಬರಲಿಲ್ಲ, ಬೆಂಚಿನಲ್ಲೇ ಡೊನೊವನ್ ಕ್ಲಿಂಗನ್ ಇದ್ದ. ಹಿಂದಿನ ವರ್ಷ 13 ನಿಮಿಷದಲ್ಲಿ 6.9 ಪಾಯಿಂಟ್, 5.6 ರೀಬೌಂಡ್. ನಿಮಿಷ ಹೆಚ್ಚಿದೊಡನೆ ಅದು 13 ಪಾಯಿಂಟ್ ಆಯಿತು. ಮೊದಲ ವರ್ಷದ ಹುಡುಗ (ಫ್ರೆಶ್‌ಮನ್) ಸ್ಟೆಫಾನ್ ಕ್ಯಾಸಲ್ ತ್ರೀ 27% ಮಾತ್ರ ಹೊಡೆದರೂ ಎದುರಾಳಿಯ ಒಳ್ಳೆಯ ಗಾರ್ಡ್‌ನನ್ನು ಕಟ್ಟಿಹಾಕುವ ಕೆಲಸಕ್ಕೆ ನಿಂತ. ಆದ್ದರಿಂದ ಹೊಸಬರ ಹೆಸರು ಬರೆಯುವ ಮುಂಚೆ ನಿಮ್ಮ ಬೆಂಚಿನ ಮೇಲೆ 10–15 ನಿಮಿಷ ಆಡುತ್ತಿದ್ದವರನ್ನು ನೋಡಿ.

ಹಾಳೆ ತುಂಬುವುದು, ಅಲ್ಲಾಗುವ ತಪ್ಪುಗಳು

ಈಗ ಹೊಸ ವರ್ಷದ ನಿಮಿಷ ಹಂಚಿ. ಎಲ್ಲರೂ ಮಾಡುವ ತಪ್ಪು ಒಂದೇ: ಇಷ್ಟದವರಿಗೆಲ್ಲ 30 ಕೊಟ್ಟು ಕೂಡಿದಾಗ 245 ಬರುತ್ತದೆ. 200ಕ್ಕೆ ಇಳಿಸಿ. ಎಂಟು ಒಂಬತ್ತು ಜನಕ್ಕಿಂತ ಹೆಚ್ಚು ಸಾಮಾನ್ಯವಾಗಿ ಆಡುವುದಿಲ್ಲ, ರೋಸ್ಟರ್ ಮಿತಿ 15 ಇದ್ದರೂ. ನಿಮಿಷ ಕಡಿಮೆಯಾದ ಹತ್ತನೆಯವನು ಮುಂದಿನ ವಸಂತದಲ್ಲಿ ಪೋರ್ಟಲ್‌ಗೆ ಹೋಗುವವನೂ ಆಗಿರಬಹುದು, ಪಕ್ಕದಲ್ಲೊಂದು ಚುಕ್ಕೆ ಇಡಿ.

ಆಮೇಲೆ ಮೊದಲ ಐವರ ಯೂಸೇಜ್ ಕೂಡಿಸಿ. ಅದು 100 ದಾಟಲಾರದು, ಚೆಂಡು ಒಂದೇ. ಕಳೆದ ವರ್ಷ ತಮ್ಮ ತಮ್ಮ ತಂಡಗಳಲ್ಲಿ 28, 27, 26 ಇದ್ದ ಮೂವರನ್ನು ಒಟ್ಟು ಹಾಕಿದರೆ 81. ಉಳಿದಿಬ್ಬರಿಗೆ ತಲಾ 9.5 ಸಿಗುತ್ತದೆ. ಯಾರೋ ಒಬ್ಬ ಕುಗ್ಗಲೇಬೇಕು. ಚೆಂಡಿಲ್ಲದೆಯೂ ಉಪಯೋಗಕ್ಕೆ ಬರುವವನು ಯಾರು ಎಂದು ಹಾಳೆಯಲ್ಲೇ ಗುರುತು ಹಾಕಿ. ಅಂಥ ಒಬ್ಬನೂ ಸಿಗದಿದ್ದರೆ ಕಾಗದದ ಮೇಲೆ ಹುಲಿಯಾದ ತಂಡ ಡಿಸೆಂಬರ್‌ನಲ್ಲಿ ಬೆಕ್ಕಾಗುತ್ತದೆ.

ಕೊನೆಗೆ ಮೂರು ಕೆಲಸಗಳ ಎದುರು ಹೆಸರು ಬರೆಯಿರಿ: ಒತ್ತಡದಲ್ಲಿ ಚೆಂಡನ್ನು ಅರ್ಧ ಅಂಗಣ ದಾಟಿಸುವವನು, ರಿಮ್ (ಬುಟ್ಟಿಯ ಬಳೆ) ಕಾಯುವವನು, ರಕ್ಷಣೆಯ ರೀಬೌಂಡ್ ಹಿಡಿಯುವವನು. ಹೋದವನು ಇದರಲ್ಲಿ ಒಂದನ್ನು ಒಬ್ಬನೇ ಹೊರುತ್ತಿದ್ದು, ಈಗ ಅದರ ಎದುರು ಖಾಲಿ ಇದ್ದರೆ ಅಲ್ಲಿದೆ ನಿಮ್ಮ ವಾದ. ರಟ್ಗರ್ಸ್ ಹಾಳೆಯಲ್ಲಿ 2024ರ ಬೇಸಿಗೆಯಲ್ಲೇ ರಿಮ್ ಕಾಯುವವನ ಸಾಲು ಬಡವಾಗಿತ್ತು.

ದುಡ್ಡಿನ ಮಾತು ಬಂದೇ ಬರುತ್ತದೆ. 2025–26ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಹಂಚಬಹುದು, ಎಲ್ಲ ಕ್ರೀಡೆಗೂ ಸೇರಿ ಒಂದು ಕಾಲೇಜಿಗೆ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್ ಮಿತಿ. ಒಬ್ಬೊಬ್ಬನಿಗೆ ಎಷ್ಟು ಎಂದು ಹಬ್ಬುವ ಅಂಕಿಗಳ ಹಿಂದೆ ಏಜೆಂಟರೂ ಇರುತ್ತಾರೆ. ಅವನ್ನು ಹಾಳೆಯಿಂದ ಹೊರಗಿಡಿ. ಹುಡುಗನ ಸೋಶಿಯಲ್ ಮೀಡಿಯಾ ಖಾತೆಗೇ ಹೋಗಿ ಬೈದು ಬರುವವರನ್ನು ಗುಂಪಿನಿಂದ ಹೊರಗಿಡಿ.

ಹಾಳೆಗೆ ತಾರೀಕು ಹಾಕಿ ಫೋಟೊ ತೆಗೆದಿಟ್ಟುಕೊಳ್ಳಿ. ನವೆಂಬರ್‌ನಲ್ಲಿ ತೆರೆಯಬೇಡಿ, ಆಗ ದೊಡ್ಡ ತಂಡಗಳು ತಮ್ಮ ಮನೆಯಂಗಳದಲ್ಲಿ ದುರ್ಬಲ ಎದುರಾಳಿಗಳನ್ನು 30 ಪಾಯಿಂಟ್‌ನಿಂದ ಸೋಲಿಸುತ್ತಿರುತ್ತವೆ. ಕಾನ್ಫರೆನ್ಸ್ ಪಂದ್ಯಗಳು ಏಳೆಂಟು ಆದ ಮೇಲೆ, ಜನವರಿಯ ಕೊನೆಗೆ ತೆರೆದು, ಮೊದಲು ನಿಮಿಷದ ಕಾಲಂ ಹೋಲಿಸಿ ನೋಡಿ.